ದೆವ್ವ ಅಂತ ಹೆಸರಿಡುವ ಮುಂಚೆ: ಮನೆಯ ದೋಷ ಹುಡುಕುವ ದಾರಿ

ರಾತ್ರಿ ಗೋಡೆಯ ಒಳಗಿಂದ ಯಾರೋ ತಟ್ಟಿದ ಸದ್ದು. ಆರಿಸಿದ ಲೈಟು ತಾನಾಗಿ ಮಿನುಗುತ್ತದೆ. ಮುಚ್ಚಿದ ಬಾಗಿಲು ಬೆಳಗ್ಗೆ ತೆರೆದಿರುತ್ತದೆ. ನಿದ್ದೆಯಲ್ಲಿ ಎದೆ ಮೇಲೆ ಯಾರೋ ಕೂತ ಹಾಗಾಗಿ ಉಸಿರು ಕಟ್ಟುತ್ತದೆ. ಇವುಗಳಲ್ಲಿ ಒಂದಾದರೂ ನಿಮ್ಮ ಮನೆಯಲ್ಲಿ ಆಗುತ್ತಿದ್ದರೆ, ಯಾರಾದರೂ ಮೆಲ್ಲಗೆ ದೆವ್ವದ ಮಾತು ಎತ್ತಿದ್ದರೆ, ಇದನ್ನು ನಿಮಗೋಸ್ಕರವೇ ಬರೆದಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ದೆವ್ವ ಇದೆ ಅಂತ ನಾನು ನಂಬುವುದಿಲ್ಲ. ಹೆದರಿದವರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ನಂಬುವುದಿಲ್ಲ. ಕೇಳಿದ್ದು ನಿಜ, ಕಂಡದ್ದು ನಿಜ, ಮೈ ಜುಮ್ಮೆಂದದ್ದೂ ನಿಜ. ಅದೆಲ್ಲ ಲಕ್ಷಣ, ಜ್ವರದ ಹಾಗೆ. ಜ್ವರ ಬಂದಿದೆ ಅಂದ ಮಾತ್ರಕ್ಕೆ ಕಾಯಿಲೆ ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ವಾ? ದೆವ್ವ ಅನ್ನುವುದು ಲಕ್ಷಣಕ್ಕೆ ಆತುರದಲ್ಲಿ ಇಟ್ಟ ಹೆಸರು. ಹೆಸರಿಟ್ಟ ಕೂಡಲೇ ಹುಡುಕುವುದು ನಿಂತು ಹೋಗುತ್ತದೆ. ನನ್ನ ಚಿಂತೆ ಅದೇ, ಯಾಕಂದರೆ ಕೆಲವು ಸಲ ಆ ಹೆಸರಿನ ಹಿಂದೆ ಜೀವ ತೆಗೆಯುವಂಥ ಕಾರಣ ಕೂತಿರುತ್ತದೆ.

ಎಲ್ಲಕ್ಕಿಂತ ಮೊದಲು: ಮನೆಯೊಳಗಿನ ಗಾಳಿ

ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೆ ವಿಚಿತ್ರ ಅನುಭವ ಆಗುತ್ತಿದೆಯಾ? ಜೊತೆಗೆ ತಲೆನೋವು, ತಲೆಸುತ್ತು, ವಾಕರಿಕೆ, ಎಷ್ಟು ಮಲಗಿದರೂ ಹೋಗದ ಸುಸ್ತು ಇದೆಯಾ? ಹೊರಗೆ ಹೋದರೆ ಕಡಿಮೆಯಾಗಿ, ಮನೆಗೆ ಬಂದರೆ ಮತ್ತೆ ಶುರುವಾಗುತ್ತದೆಯಾ? ಹಾಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್, ಸೀಮೆಎಣ್ಣೆ, ಇದ್ದಿಲು, ಕಟ್ಟಿಗೆ ಯಾವುದೇ ಇರಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಇದು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಮೆದುಳಿಗೆ ಆಮ್ಲಜನಕ ಸಾಲದಾಗ ಇಲ್ಲದ್ದು ಕೇಳಿಸುತ್ತದೆ, ಇಲ್ಲದ್ದು ಕಾಣಿಸುತ್ತದೆ.

ಇದು ಬರೀ ಊಹೆಯಲ್ಲ. 1921ರಲ್ಲಿ ಅಮೆರಿಕದ ಒಂದು ಕಣ್ಣಿನ ವೈದ್ಯಕೀಯ ಪತ್ರಿಕೆಯಲ್ಲಿ ವಿಲಿಯಂ ವಿಲ್ಮರ್ ಅನ್ನುವ ವೈದ್ಯರು ಒಂದು ಕುಟುಂಬದ ಕಥೆ ಬರೆದರು. ಆ ಕುಟುಂಬ 1912ರಲ್ಲಿ ಒಂದು ಹಳೆಯ ದೊಡ್ಡ ಮನೆಗೆ ಬಂದಿತ್ತು. ಬಂದ ಸ್ವಲ್ಪ ದಿನಕ್ಕೇ ಹೆಜ್ಜೆ ಸಪ್ಪಳ, ರಾತ್ರಿ ಎದ್ದರೆ ಮಂಚದ ಹತ್ತಿರ ನಿಂತ ಆಕೃತಿಗಳು. ಮಕ್ಕಳು ಬಿಳಿಚಿಕೊಂಡು ಸೊರಗಿದರು, ಮನೆಯೊಳಗಿನ ಗಿಡಗಳೂ ಬಾಡಿದವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟಿತ್ತು. ಅದರ ಹೊಗೆ ಚಿಮಣಿ ಮೇಲೆ ಹೋಗದೆ ಮನೆಯೊಳಗೇ ತುಂಬುತ್ತಿತ್ತು. ಕುಲುಮೆ ರಿಪೇರಿ ಆಯಿತು, ದೆವ್ವಗಳೂ ಹೋದವು. ನಾನು ಈ ಕಥೆಯಲ್ಲಿ ಗಿಡಗಳ ಹತ್ತಿರ ಬಂದಾಗಲೆಲ್ಲ ನಿಲ್ಲುತ್ತೇನೆ. ಗಿಡಕ್ಕೆ ದೆವ್ವದ ಭಯ ಇರುವುದಿಲ್ಲ.

ಅನುಮಾನ ಬಂದರೆ ಏನು ಮಾಡಬೇಕು? ಉರಿಯುತ್ತಿರುವುದನ್ನು ಆರಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ತಲೆ ತಿರುಗುತ್ತಿದ್ದರೆ ಆಸ್ಪತ್ರೆಗೆ ಹೋಗಿ, ಕಾರ್ಬನ್ ಮಾನಾಕ್ಸೈಡ್ ಅನುಮಾನ ಇದೆ ಅಂತ ಬಾಯಿ ಬಿಟ್ಟು ಹೇಳಿ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, ಎಲ್ಲ ಸರಿ ಇದೆ ಅಂತ ತೋರಿಸಿಬಿಡುತ್ತದೆ. ಮನೆಯೊಳಗೆ ಏನನ್ನಾದರೂ ಉರಿಸುವವರು ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿಕೊಳ್ಳಿ.

ಆಮೇಲೆ ಒಂದು ನೋಟ್‌ಬುಕ್

ಗಾಳಿ ಸರಿ ಇದೆ ಅಂತಾದ ಮೇಲೆ ಯಾವ ಸಾಧನವೂ ಬೇಡ, ನೋಟ್‌ಬುಕ್ ಸಾಕು. ಏನಾಯಿತು, ಎಷ್ಟು ಗಂಟೆಗೆ, ಯಾವ ಕೋಣೆ, ಯಾರ್ಯಾರು ಎಲ್ಲೆಲ್ಲಿದ್ದರು, ಏನೇನು ಆನ್ ಇತ್ತು, ಹೊರಗೆ ಗಾಳಿ ಮಳೆ ಇತ್ತಾ, ಕರೆಂಟ್ ಹೋಗಿ ಬಂತಾ. ಅಷ್ಟೇ. "ಯಾರೋ ನಡೆದರು" ಅಂತ ಬರೆಯಬೇಡಿ, "ಟಕ್ ಟಕ್ ಅಂತ ನಾಲ್ಕು ಸಲ, ಮೇಲಿಂದ" ಅಂತ ಬರೆಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಮೊದಲನೆಯದರಲ್ಲಿ ತೀರ್ಪು ಆಗಲೇ ಬಂದುಬಿಟ್ಟಿದೆ, ಎರಡನೆಯದರಲ್ಲಿ ಇನ್ನೂ ಹುಡುಕಲು ಜಾಗ ಇದೆ.

ಏನೂ ಆಗದ ರಾತ್ರಿಯನ್ನೂ ಬರೆಯಿರಿ. ಅದು ಎಷ್ಟು ಮುಖ್ಯ ಅಂತ ಮುಂದೆ ನನ್ನ ಮನೆಯ ಕಥೆಯಲ್ಲಿ ಹೇಳುತ್ತೇನೆ.

ಒಂದು ಎಚ್ಚರಿಕೆ. ಗಮನ ಇಟ್ಟು ಕಾಯಲು ಶುರು ಮಾಡಿದರೆ ಯಾವ ಮನೆಯಲ್ಲೂ ವಿಚಿತ್ರಗಳು ಸಿಗುತ್ತವೆ. 1996ರಲ್ಲಿ ಜೇಮ್ಸ್ ಹೂರಾನ್, ರೆನ್ಸ್ ಲಾಂಗೆ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿದರು. ದೆವ್ವದ ಸುದ್ದಿಯೇ ಇಲ್ಲದ ಒಂದು ಸಾಧಾರಣ ಮನೆಯಲ್ಲಿದ್ದ ಗಂಡ ಹೆಂಡತಿಗೆ, 30 ದಿನ ವಿಚಿತ್ರ ಅನ್ನಿಸಿದ್ದನ್ನೆಲ್ಲ ಬರೆದಿಡಿ ಅಂದರು. 22 ಘಟನೆ ಬರೆದಿದ್ದರು. ವಸ್ತು ಜಾಗ ಬದಲಿಸಿದ್ದು, ಹೆಸರು ಕರೆದ ಹಾಗಾಗಿದ್ದು, ಹೀಗೆ. ಅದಕ್ಕೇ ನೋಟ್‌ಬುಕ್ ತುಂಬಿತು ಅಂತ ಹೆದರಬೇಡಿ. ಎಷ್ಟಾಯಿತು ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ಆಯಿತು ಅನ್ನುವುದನ್ನು ನೋಡಿ.

ಲಕ್ಷಣ: ಸದ್ದು

ನಾವು ಬಾಡಿಗೆಗೆ ಇದ್ದ ಒಂದು ಮನೆಯಲ್ಲಿ ರಾತ್ರಿ ಅಡುಗೆಮನೆಯ ಗೋಡೆಯಲ್ಲಿ ಯಾರೋ ಬಡಿಯುತ್ತಿದ್ದರು. ಬಡಿಯುತ್ತಿದ್ದರು ಅಂತಲೇ ಬರೆಯುತ್ತೇನೆ, ಯಾಕಂದರೆ ಕೇಳಿಸುತ್ತಿದ್ದದ್ದು ಹಾಗೇ. ಧಡ್, ಧಡ್, ಸ್ವಲ್ಪ ತಡೆದು ಇನ್ನೊಂದು ಮೆತ್ತಗೆ ಧಡ್. ಮಗಳು ನನ್ನ ಪಕ್ಕದಲ್ಲೇ ಮಲಗಲು ಶುರು ಮಾಡಿದಳು. ನೀರು ಕುಡಿಯಬೇಕು ಅಂದರೂ ಅಡುಗೆಮನೆಗೆ ನನ್ನ ಕೈ ಹಿಡಿದುಕೊಂಡೇ ಬರುತ್ತಿದ್ದಳು. ನನಗೂ ಭಯ ಆಗುತ್ತಿತ್ತು. ಕಾರಣ ಇರಲೇಬೇಕು ಅಂತ ಗೊತ್ತಿದ್ದರೂ ಕತ್ತಲಲ್ಲಿ ಆ ಸದ್ದು ಕೇಳಿದಾಗ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದ ಹಾಗಾಗುತ್ತಿತ್ತು.

ಬರೆಯಲು ಶುರು ಮಾಡಿದೆ. ಮೊದಲ ರಾತ್ರಿ 2:40. ಎರಡನೆಯ ರಾತ್ರಿ 2:35. ಆಮೇಲೆ 2:50, 2:40, 2:45. ಆರನೆಯ ರಾತ್ರಿ ಎದ್ದು ಕೂತು ಕಾದರೂ ಏನೂ ಇಲ್ಲ. ಏಳನೆಯ ರಾತ್ರಿಯಿಂದ ಮತ್ತೆ ಶುರು. ಬೆಳಗ್ಗೆ ಪುಟ ನೋಡುತ್ತಾ ಕೂತಾಗ ಗೊತ್ತಾಯಿತು, ಆ ಖಾಲಿ ರಾತ್ರಿ ಭಾನುವಾರ. ಮುಂದಿನ ಭಾನುವಾರವೂ ಸದ್ದಿಲ್ಲ. ವಾರಕ್ಕೊಂದು ರಜೆ ಇರುವ ಮನುಷ್ಯರ ಕೆಲಸಕ್ಕೆ ಈ ಸದ್ದು ಎಲ್ಲೋ ಅಂಟಿಕೊಂಡಿದೆ ಅನ್ನಿಸಿದ್ದು ಆಗ.

ಆಮೇಲೆ ಸುಲಭವಾಯಿತು. ಮೇಲಿನ ಮನೆಯವರು ರಾತ್ರಿ ಪಾಳಿ ಮುಗಿಸಿ ಎರಡು ಗಂಟೆ ಹೊತ್ತಿಗೆ ಬರುತ್ತಿದ್ದರು. ಬಂದವರು ಸ್ನಾನ ಮಾಡುತ್ತಿದ್ದರು. ಟ್ಯಾಂಕ್‌ನಲ್ಲಿ ನೀರು ಇಳಿದು ಮೋಟರ್ ತಾನಾಗಿ ಆನ್ ಆಗುತ್ತಿತ್ತು, ಟ್ಯಾಂಕ್ ತುಂಬಿದಾಗ ತಾನಾಗಿ ಆಫ್. ಆಫ್ ಆದ ಕ್ಷಣ ಪೈಪಿನಲ್ಲಿ ಮೇಲೆ ಹೋಗುತ್ತಿದ್ದ ನೀರು ಹಿಂದಕ್ಕೆ ಬೀಳುತ್ತದೆ, ವಾಲ್ವ್ ರಪ್ ಅಂತ ಮುಚ್ಚಿಕೊಳ್ಳುತ್ತದೆ, ಆ ಹೊಡೆತ ಪೈಪಿನುದ್ದಕ್ಕೂ ಓಡುತ್ತದೆ. ನಮ್ಮ ಅಡುಗೆಮನೆ ಹಿಂದೆ ಪೈಪು ಹಿಡಿದಿದ್ದ ಕ್ಲ್ಯಾಂಪ್ ಸಡಿಲವಾಗಿತ್ತು. ಪೈಪು ಹಾರಿ ಗೋಡೆಗೆ ಬಡಿಯುತ್ತಿತ್ತು, ಎರಡು ಸಲ ಜೋರಾಗಿ, ಮೂರನೆಯದು ಕಸುವು ಕಡಿಮೆಯಾಗಿ. ಪ್ಲಂಬರ್ ಬಂದು ಕ್ಲ್ಯಾಂಪ್ ಬಿಗಿ ಮಾಡಿ ನಡುವೆ ಒಂದು ರಬ್ಬರ್ ತುಂಡು ಇಟ್ಟರು. ಮಗಳನ್ನು ಕರೆದುಕೊಂಡು ಹೋಗಿ ಆ ಪೈಪು ಮುಟ್ಟಿಸಿದೆ. ಮೋಟರ್ ಆಫ್ ಮಾಡಿಸಿದಾಗ ಅವಳ ಕೈಯೊಳಗೆ ಪೈಪು ಅದುರಿತು. "ಇದೇನಾ?" ಅಂದಳು. ಇನ್ನೊಂದು ಸಲ ಮಾಡಿಸು ಅಂದಳು. ನಾಲ್ಕು ಸಲ ಮಾಡಿಸಿದೆವು.

ನಿಮ್ಮ ಮನೆಯ ಸದ್ದಿಗೂ ಇದೇ ರೀತಿ ಹೋಗಿ. ಫೋನಿನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡಿ, ಸದ್ದಿನ ಹೊತ್ತು ಗುರುತು ಹಾಕಿ. ಆಮೇಲೆ ಗೋಡೆಗೆ ಅಂಗೈ ಇಟ್ಟು ಅದುರುವುದು ಎಲ್ಲಿ ಜಾಸ್ತಿ ಅಂತ ನೋಡಿ. ಪೈಪು, ಕಂಬಿ, ಕಾಂಕ್ರೀಟು ಸದ್ದನ್ನು ಬಹಳ ದೂರ ಹೊತ್ತುಕೊಂಡು ಹೋಗುತ್ತವೆ, ಹಾಗಾಗಿ ಕೇಳಿದ ಜಾಗವೇ ಹುಟ್ಟಿದ ಜಾಗ ಅಂದುಕೊಳ್ಳಬೇಡಿ. ಸಂಜೆಯಾದ ಮೇಲೆ ಚಾವಣಿಯಿಂದ ಬರುವ ಟಿಕ್ ಟಿಕ್ ಬಹುಪಾಲು ತಣ್ಣಗಾಗುವ ತಗಡಿನದ್ದು. 6 ಮೀಟರ್ ಉದ್ದದ ಉಕ್ಕಿನ ತಗಡು 20 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಮೊಳೆ ಹಿಡಿದುಕೊಂಡಿರುತ್ತದೆ, ತಗಡು ಎಳೆಯುತ್ತದೆ, ಸಾಕಾದಾಗ ಟಪ್ ಅಂತ ಜಾರುತ್ತದೆ. ಇಲಿ ಓಡುವ ಸದ್ದು ಖಾಲಿ ಮನೆಯಲ್ಲಿ ಅದರ ಗಾತ್ರಕ್ಕಿಂತ ಎಷ್ಟೋ ದೊಡ್ಡದಾಗಿ ಕೇಳುತ್ತದೆ. ಹೆಂಗಸು ಕಿರುಚಿದ ಹಾಗೆ ಕೇಳಿದರೆ ಬೆಳಗ್ಗೆ ಅಟ್ಟ, ಪಾಳು ಗೋಡೆ, ದೊಡ್ಡ ಮರದ ಪೊಟರೆ ನೋಡಿ. ಬಿಳಿ ಮುಖದ ಗೂಬೆ ಕೂಗುವುದು ಹಾಗೆಯೇ, ಹಾರುವಾಗ ರೆಕ್ಕೆಯ ಸದ್ದೇ ಬರುವುದಿಲ್ಲ.

ಲಕ್ಷಣ: ಲೈಟು, ಟಿವಿ, ಬಾಗಿಲು, ಜಾರುವ ಲೋಟ

ಸ್ವಿಚ್ ಆರಿಸಿದರೂ ಎಲ್‌ಇಡಿ ಬಲ್ಬು ಮಂಕಾಗಿ ಉರಿಯುತ್ತದೆ, ಅಥವಾ ಆಗಾಗ ಫಳಕ್ ಅನ್ನುತ್ತದೆ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಹರಿಯುವ ಒಂದಿಷ್ಟು ಕರೆಂಟ್ ಬಲ್ಬಿನೊಳಗೆ ಕೂಡಿಕೊಂಡು, ಸಾಕಷ್ಟಾದಾಗ ಒಮ್ಮೆ ಮಿಂಚಿ, ಮತ್ತೆ ಕೂಡತೊಡಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ. ಸ್ವಿಚ್ಚನ್ನು ಫೇಸ್ ತಂತಿಗೆ ಬದಲು ನ್ಯೂಟ್ರಲ್‌ಗೆ ಹಾಕಿರಬಹುದು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಬಲ್ಬು ಬದಲಿಸುವವರಿಗೆ ಶಾಕ್ ಹೊಡೆಯುತ್ತದೆ.

ಯಾರೂ ಇಲ್ಲದೆ ಬೆಲ್ ಆಗುತ್ತಿದ್ದರೆ, ತಂತಿಯಿಲ್ಲದ ಬೆಲ್ಲಾದರೆ, ಅಕ್ಕಪಕ್ಕದ ಮನೆಯ ಬಟನ್ನಿಗೂ ನಿಮ್ಮ ಬೆಲ್ಲಿಗೂ ಒಂದೇ ಸಂಕೇತ ಇರಬಹುದು. ಟಿವಿ ತಾನೇ ಆನ್ ಆದರೆ, ಕರೆಂಟ್ ಹೋಗಿ ಬಂದಿದ್ದೇ ಅಥವಾ ಜೋಡಿಸಿದ ಸೆಟ್‌ಟಾಪ್ ಬಾಕ್ಸ್ ಟಿವಿಯನ್ನು ಎಬ್ಬಿಸಿದ್ದೇ ಅಂತ ಸೆಟ್ಟಿಂಗ್ ನೋಡಿ. ಮೀನಿನ ಹಾಗೆ ವಾಸನೆ ಎಲ್ಲಿಂದಲೋ ಬಂದು ಹೋಗುತ್ತಿದ್ದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. ಸ್ವಿಚ್ ಬೋರ್ಡ್‌ನ ಪ್ಲಾಸ್ಟಿಕ್ ಕಾದು ಕರಗುವಾಗ ಹಾಗೇ ವಾಸನೆ ಬರುತ್ತದೆ. ಮೇನ್ ಆಫ್ ಮಾಡಿ.

ಬಾಗಿಲನ್ನು ಅರ್ಧ ತೆರೆದು ಕೈ ಬಿಡಿ. ತಾನೇ ಚಲಿಸಿದರೆ ಕೀಲುಗಳು ಒಂದೇ ನೇರಕ್ಕಿಲ್ಲ, ಅಷ್ಟೇ. ಚಲಿಸದಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿ ಮತ್ತೆ ನೋಡಿ, ಬೇರೆ ಕೋಣೆಯ ಕಿಟಕಿ ಮುಚ್ಚಿ ತೆರೆದು ಮತ್ತೆ ನೋಡಿ.

ಲೋಟದ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಕಣ್ಣಾರೆ ಕಂಡವರು ಜೀವಮಾನ ಮರೆಯುವುದಿಲ್ಲ. ಬಿಸಿ ನೀರಲ್ಲಿ ತೊಳೆದ ಗಾಜಿನ ಲೋಟವನ್ನು ಒದ್ದೆ ಕಲ್ಲಿನ ಕಟ್ಟೆ ಮೇಲೆ ಬೋರಲು ಹಾಕಿ. ಬಿಸಿ ಗಾಜು ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಕಾಯಿಸುತ್ತದೆ. ಗಾಳಿ ಹಿಗ್ಗಿ ಲೋಟದ ಅಂಚನ್ನು ಕೂದಲೆಳೆಯಷ್ಟು ಎತ್ತುತ್ತದೆ. ಅಂಚಿನ ಕೆಳಗೆ ಬರೀ ನೀರಿನ ಪದರ. ಕಟ್ಟೆ ಒಂದಿಷ್ಟು ಇಳಿಜಾರಾಗಿದ್ದರೂ ಸಾಕು, ಲೋಟ ಮೆಲ್ಲಗೆ, ಯಾರೋ ಬೆರಳಲ್ಲಿ ತಳ್ಳಿದ ಹಾಗೆ, ಜಾರುತ್ತಾ ಹೋಗಿ ನಿಲ್ಲುತ್ತದೆ. ನೀವೇ ಮಾಡಿ ನೋಡಿ, ಮನೆಯವರನ್ನೂ ನಿಲ್ಲಿಸಿಕೊಂಡು ಮಾಡಿ.

ಲಕ್ಷಣ: ರಾತ್ರಿ ಎದೆ ಮೇಲೆ ಯಾರೋ ಕೂತದ್ದು

ಎಚ್ಚರ ಇದೆ, ಕೋಣೆ ಕಾಣುತ್ತಿದೆ, ಕೈಕಾಲು ಆಡುವುದಿಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ. ಹತ್ತಿರ ಬರುತ್ತಾರೆ. ಎದೆ ಒತ್ತುತ್ತಾರೆ. ಕೂಗಬೇಕು ಅಂದರೆ ದನಿ ಹೊರಡುವುದಿಲ್ಲ.

ಇದಕ್ಕೆ ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಹೆಸರು ಹೆದರಿಸುತ್ತದೆ, ಆದರೆ ಲಕ್ವ ಹೊಡೆಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ, ಇಲ್ಲದಿದ್ದರೆ ಕನಸಲ್ಲಿ ಓಡಿದಾಗ ನಿಜವಾಗಿಯೂ ಎದ್ದು ಓಡುತ್ತಿದ್ದೆವು. ಕೆಲವು ಸಲ ಮನಸ್ಸು ಮೊದಲು ಎಚ್ಚರವಾಗುತ್ತದೆ, ಆ ಕಟ್ಟು ಇನ್ನೂ ಬಿಚ್ಚಿರುವುದಿಲ್ಲ, ಕನಸೂ ಪೂರ್ತಿ ಮುಗಿದಿರುವುದಿಲ್ಲ. ತೆರೆದ ಕಣ್ಣಿನ ಮುಂದೆ ಉಳಿದ ಕನಸು ಓಡುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗ ಸುಮಾರು ನೂರಕ್ಕೆ 8 ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿರುತ್ತದೆ. ಲೋಕದ ಎಷ್ಟೋ ಭಾಷೆಗಳಲ್ಲಿ ಎದೆ ಮೇಲೆ ಕೂರುವ ದೆವ್ವಕ್ಕೆ ಬೇರೆ ಬೇರೆ ಹೆಸರಿದೆ, ಲಕ್ಷಣ ಮಾತ್ರ ಒಂದೇ.

ಆ ಹೊತ್ತಿನಲ್ಲಿ ಇಡೀ ಮೈ ಎಳೆಯಲು ಹೋಗಬೇಡಿ. ಕಾಲಿನ ಹೆಬ್ಬೆರಳು ಒಂದನ್ನೇ ಅಲ್ಲಾಡಿಸಲು ನೋಡಿ, ಉಸಿರಿನ ಮೇಲೆ ಗಮನ ಇಡಿ. ನಿದ್ದೆ ಕೆಟ್ಟಾಗ, ಪಾಳಿ ಬದಲಾದಾಗ, ಅಂಗಾತ ಮಲಗಿದಾಗ ಇದು ಜಾಸ್ತಿ. ಮಗ್ಗುಲಾಗಿ ಮಲಗಿ, ಹೊತ್ತಿಗೆ ಸರಿಯಾಗಿ ಮಲಗಿ. ಪದೇ ಪದೇ ಆಗಿ, ಹಗಲು ಹೊತ್ತಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ವೈದ್ಯರನ್ನು ನೋಡಿ.

ಲಕ್ಷಣ: ಕಣ್ಣಂಚಿಗೆ ಕಂಡದ್ದು, ಫೋಟೋದಲ್ಲಿ ಬಂದದ್ದು

ಫೋಟೋದಲ್ಲಿ ತೇಲುವ ಬಿಳಿ ಗುಂಡುಗಳು ಧೂಳು ಅಥವಾ ಮಂಜಿನ ಹನಿ. ಲೆನ್ಸಿನ ಹತ್ತಿರ ಇದ್ದು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆಯುತ್ತವೆ. ಫ್ಲ್ಯಾಶ್ ಇಲ್ಲದೆ ಅದೇ ಜಾಗದಲ್ಲಿ ತೆಗೆಯಿರಿ, ಮುಗಿಯಿತು.

ಮಂದ ಬೆಳಕಲ್ಲಿ ಕನ್ನಡಿ ನೋಡಿ ಹೆದರಿದವರಿಗೆ ಒಂದು ಮಾತು. ಜಿಯೊವಾನ್ನಿ ಕಪುಟೊ ಅನ್ನುವ ಇಟಲಿಯ ಸಂಶೋಧಕರು 2010ರಲ್ಲಿ ಇದನ್ನು ಬರೆದರು. ಮಂಕು ಬೆಳಕಿನಲ್ಲಿ ಕನ್ನಡಿಯಲ್ಲಿ ನಿಮ್ಮ ಮುಖವನ್ನೇ ಎವೆಯಿಕ್ಕದೆ ನೋಡುತ್ತಿದ್ದರೆ, ಒಂದು ನಿಮಿಷದೊಳಗೆ ಮುಖ ವಿಕಾರವಾಗತೊಡಗುತ್ತದೆ, ಕೆಲವರಿಗೆ ಬೇರೆಯವರ ಮುಖ, ಸತ್ತವರ ಮುಖ ಕಾಣುತ್ತದೆ. ಒಂದೇ ಕಡೆ ನೋಡಿದಾಗ ಕಣ್ಣು ಬಿಡಿ ವಿವರಗಳನ್ನು ಬಿಡುತ್ತಾ ಹೋಗುತ್ತದೆ, ಬಿಟ್ಟ ಜಾಗವನ್ನು ಮೆದುಳು ತುಂಬುತ್ತದೆ.

ಕೇಳಿಸದಷ್ಟು ತಗ್ಗಿನ ಸದ್ದಿನ ಬಗ್ಗೆ ನೀವು ಓದಿರಬಹುದು. ಇಂಗ್ಲೆಂಡಿನ ಕವೆಂಟ್ರಿಯ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ 1998ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ಲ್ಯಾಬಿನಲ್ಲಿ ರಾತ್ರಿ ಒಬ್ಬರೇ ಇದ್ದಾಗ ಕಣ್ಣಂಚಿಗೆ ಬೂದು ಬಣ್ಣದ ಆಕೃತಿ ಕಂಡಿತ್ತು. ಮಾರನೆಯ ದಿನ, ಬಿಗಿಹಿಡಿಯುವ ಉಪಕರಣವಾದ ವೈಸ್‌ಗೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ಅದುರುತ್ತಿತ್ತು. ಹುಡುಕಿದಾಗ ಹೊಸದಾಗಿ ಹಾಕಿದ್ದ ಒಂದು ಫ್ಯಾನ್ ಸೆಕೆಂಡಿಗೆ ಸುಮಾರು 19 ಸಲ ಗಾಳಿಯನ್ನು ಅದುರಿಸುತ್ತಿತ್ತು. ಅವರು ಹುಡುಕಿದ ರೀತಿ ನನಗೆ ತುಂಬಾ ಇಷ್ಟ. ಆದರೆ ಎಲ್ಲ ದೆವ್ವಕ್ಕೂ ಇದೇ ಉತ್ತರ ಅನ್ನುವವರ ಮಾತು ಒಪ್ಪಲು ಆಗುವುದಿಲ್ಲ. ಲಂಡನ್ನಿನ ಸಂಶೋಧಕರು ಒಂದು ಖಾಲಿ ಕೋಣೆ ಕಟ್ಟಿ, ಒಳಗೆ ತಗ್ಗು ಸದ್ದು ಮತ್ತು ವಿದ್ಯುತ್ಕಾಂತ ಕ್ಷೇತ್ರ ಹಾಕಿ, 79 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, 2009ರಲ್ಲಿ ಫಲಿತಾಂಶ ಬರೆದರು. ತುಂಬಾ ಜನಕ್ಕೆ ವಿಚಿತ್ರ ಅನುಭವ ಆಯಿತು. ಆದರೆ ಯಂತ್ರ ಆನ್ ಇತ್ತಾ ಆಫ್ ಇತ್ತಾ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಏನೋ ಆಗಬಹುದು ಅಂತ ಮೊದಲೇ ಹೇಳಿದ್ದೇ ಸಾಕಾಗಿತ್ತು. ಹಾಗಾಗಿ ಹೊಸದಾಗಿ ಬಂದವರಿಗೆ "ಈ ಕೋಣೆ ಸರಿ ಇಲ್ಲ" ಅಂತ ಹೇಳಬೇಡಿ. ಏನೂ ಹೇಳದೆ ಒಬ್ಬರನ್ನು ಎರಡು ರಾತ್ರಿ ಮಲಗಿಸಿ ನೋಡಿ, ಅದೇ ಒಳ್ಳೆಯ ಪರೀಕ್ಷೆ.

ವಯಸ್ಸಾದವರು, ಕಣ್ಣು ಮಂಜಾದವರು, ಮನೆಯಲ್ಲಿ ಯಾರ್ಯಾರೋ ಓಡಾಡುತ್ತಿದ್ದಾರೆ ಅಂದರೆ ಮೊದಲು ಕಣ್ಣು ತೋರಿಸಿ. ಸ್ವಿಟ್ಜರ್ಲೆಂಡಿನ ಷಾರ್ಲ್ ಬೊನೆ 1760ರಲ್ಲೇ ತನ್ನ ತಾತನಿಗೆ, ಪೊರೆ ಬಂದ ಕಣ್ಣಿಗೆ, ಜನ, ಹಕ್ಕಿ, ಕಟ್ಟಡಗಳು ಕಾಣುತ್ತಿದ್ದದ್ದನ್ನು ಬರೆದಿದ್ದಾರೆ. ತಾತನ ಬುದ್ಧಿ ಸರಿಯಾಗೇ ಇತ್ತು. ಆದರೆ ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಶುರುವಾಗಿ, ಮಾತು ತೊದಲಿ, ದಿನ ಹೊತ್ತು ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಲಕ್ಷಣ: ವಸ್ತುಗಳು ಹಾರುವುದು, ಕಲ್ಲು ಬೀಳುವುದು

ಭಾನಾಮತಿ ಅನ್ನುತ್ತೇವಲ್ಲ, ಅದನ್ನೇ ಜರ್ಮನ್ನರು ಪೋಲ್ಟರ್‌ಗೈಸ್ಟ್ ಅಂದರು, ಗಲಾಟೆ ಮಾಡುವ ದೆವ್ವ ಅಂತ. ಇಲ್ಲಿ ತುಂಬಾ ಹುಷಾರಾಗಿರಬೇಕು. ಯಾಕಂದರೆ ಇಲ್ಲಿ ಹುಡುಕುತ್ತಾ ಹೋದರೆ ಪೈಪು ಸಿಗುವುದಕ್ಕಿಂತ ಒಬ್ಬ ಮನುಷ್ಯ ಸಿಗುವುದೇ ಜಾಸ್ತಿ, ಬಹಳ ಸಲ ಒಂದು ಮಗು.

ನೋಟ್‌ಬುಕ್ಕಿನಲ್ಲಿ ಎರಡು ವಿಷಯ ನೋಡಿ. ವಸ್ತು ಬಿದ್ದದ್ದನ್ನು ಕಂಡವರಿದ್ದಾರೆ, ಜಾಗ ಬಿಟ್ಟು ಎದ್ದದ್ದನ್ನು ಕಂಡವರು ಯಾರಾದರೂ ಇದ್ದಾರಾ? ಮತ್ತೆ, ಪ್ರತಿ ಸಲವೂ ಯಾರು ಹತ್ತಿರ ಇದ್ದರು? ಒಂದೇ ಹೆಸರು ಬರುತ್ತಾ ಹೋದರೆ ಅಲ್ಲಿ ನಿಲ್ಲಿ.

ಹಳೆಯ ಪ್ರಕರಣಗಳು ಹೀಗೇ ಹೋಗುತ್ತವೆ. ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್‌ನಲ್ಲಿ 1848ರಲ್ಲಿ ಫಾಕ್ಸ್ ಸೋದರಿಯರ ಮನೆಯಲ್ಲಿ ಕೇಳಿದ ತಟ್ಟುವ ಸದ್ದಿನಿಂದ ಸತ್ತವರ ಜೊತೆ ಮಾತಾಡುವ ಒಂದು ದೊಡ್ಡ ಚಳವಳಿಯೇ ಹುಟ್ಟಿತು. 40 ವರ್ಷ ಆದ ಮೇಲೆ, 1888ರಲ್ಲಿ, ಅವರಲ್ಲೊಬ್ಬರಾದ ಮಾರ್ಗರೆಟ್ ವೇದಿಕೆ ಮೇಲೆ ನಿಂತು ಕಾಲ್ಬೆರಳಿನ ಗಂಟು ಲಟಕ್ ಅನ್ನಿಸಿ ಆ ಸದ್ದು ಮಾಡಿ ತೋರಿಸಿದರು. ಮುಂದಿನ ವರ್ಷ ಆ ಮಾತು ಹಿಂದಕ್ಕೆ ತಗೊಂಡರು, ಆದರೆ ಸದ್ದು ಹೇಗೆ ಬರುತ್ತದೆ ಅಂತ ಜನ ನೋಡಿಯಾಗಿತ್ತು. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1977ರಲ್ಲಿ ಶುರುವಾದ ಪ್ರಕರಣದಲ್ಲಿ ಮಕ್ಕಳು ಕೆಲವನ್ನು ತಾವೇ ಮಾಡಿದ್ದಾಗಿ ಒಪ್ಪಿಕೊಂಡರು. ಅಮೆರಿಕದ ಕೊಲಂಬಸ್‌ನಲ್ಲಿ 1984ರಲ್ಲಿ 14 ವರ್ಷದ ಹುಡುಗಿಯ ಸುತ್ತ ವಸ್ತುಗಳು ಹಾರುತ್ತಿವೆ ಅಂತ ಸುದ್ದಿಯಾದಾಗ, ಟಿವಿಯವರ ಕ್ಯಾಮೆರಾ ಇನ್ನೂ ಓಡುತ್ತಿದೆ ಅಂತ ಗೊತ್ತಿಲ್ಲದೆ ಅವಳೇ ದೀಪ ಎಳೆದು ಬೀಳಿಸಿದ್ದು ದಾಖಲಾಯಿತು. ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ ಇಂಥ ಎಷ್ಟೋ ಮನೆಗಳಿಗೆ ಹೋಗಿ ನೋಡಿದರು. ಅವರಿಗೂ ಸಿಕ್ಕಿದ್ದು ಮನುಷ್ಯರ ಕೈಯೇ.

ಇನ್ನೊಂದು ರೀತಿಯೂ ಇದೆ, ಮಾಡುವವರಿಗೇ ಗೊತ್ತಿಲ್ಲದೆ ಆಗುವುದು. ಸುತ್ತ ಕೂತು ಕೈಯಿಟ್ಟರೆ ಮೇಜು ತಿರುಗುತ್ತದೆ, ಸತ್ತವರನ್ನು ಕರೆಯಲು ಬೆರಳಿಟ್ಟು ಕೂರುವ ಪ್ಲಾಂಚೆಟ್ ಅನ್ನುವ ಪುಟ್ಟ ಹಲಗೆ ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆ. ಮೈಕೆಲ್ ಫ್ಯಾರಡೆ 1853ರಲ್ಲಿ ಕೈಗೂ ಮೇಜಿಗೂ ನಡುವೆ ಜಾರುವ ರಟ್ಟಿನ ಪದರಗಳನ್ನು ಇಟ್ಟು ನೋಡಿದರು. ಮೇಜಿಗಿಂತ ಮೊದಲು ಕೈಗಳೇ ಸರಿದಿದ್ದವು. ಕೈ ಸರಿದದ್ದನ್ನು ತೋರಿಸುವ ಒಂದು ಕಡ್ಡಿಯನ್ನು ಕೂತವರಿಗೆ ಕಾಣುವ ಹಾಗೆ ಇಟ್ಟಾಗ ಮೇಜು ನಿಂತೇ ಹೋಯಿತು. ಅವರು ಯಾರೂ ಮೋಸಗಾರರಲ್ಲ.

ಮಗು ಮಾಡುತ್ತಿದೆ ಅಂತ ಗೊತ್ತಾದರೆ ಏನು ಮಾಡಬೇಕು? ದಯವಿಟ್ಟು ಎಲ್ಲರ ಮುಂದೆ ಹಿಡಿದು ನಿಲ್ಲಿಸಬೇಡಿ. ಕದ್ದು ಕ್ಯಾಮೆರಾ ಇಟ್ಟು ವಿಡಿಯೋ ಹಂಚಬೇಡಿ. ಮಾತಲ್ಲಿ ಹೇಳಲು ಆಗದ್ದನ್ನು ಆ ಮಗು ತಟ್ಟೆ ಎಸೆದು ಹೇಳುತ್ತಿದೆ. ಮನೆಯಲ್ಲಿ ಜಗಳ ಇದೆಯಾ, ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ, ಯಾರಾದರೂ ಮೈ ಮುಟ್ಟಿ ಹಿಂಸೆ ಕೊಡುತ್ತಿದ್ದಾರಾ, ಇದನ್ನು ಒಬ್ಬರೇ ಕೂತು ನಿಧಾನವಾಗಿ ಕೇಳಿ. ಬೇಕಿದ್ದರೆ ಮನೋವೈದ್ಯರ ಸಹಾಯ ತಗೊಳ್ಳಿ.

ಮೈಮೇಲೆ ಬಂದಿದೆ ಅಂತ ಹೊಡೆಯುವುದು, ಕಟ್ಟುವುದು, ಉಪವಾಸ ಕೆಡವುವುದು, ಇವುಗಳನ್ನು ಕಂಡರೆ ತಡೆಯಿರಿ. ಜರ್ಮನಿಯಲ್ಲಿ 1976ರಲ್ಲಿ 23 ವರ್ಷದ ವಿದ್ಯಾರ್ಥಿನಿಯೊಬ್ಬಳು ಹೀಗೆ ಸತ್ತಳು. ಅವಳಿಗೆ ಮೂರ್ಛೆರೋಗ ಅಂತ ವೈದ್ಯರು ಹೇಳಿದ್ದರು. ದೆವ್ವ ಬಿಡಿಸುವ ವಿಧಿ 67 ಸಲ ನಡೆಯಿತು. ಅನ್ನ ನೀರಿಲ್ಲದೆ ಸೊರಗಿ ಜೀವ ಹೋಯಿತು. 1978ರಲ್ಲಿ ಕೋರ್ಟು ತಂದೆ ತಾಯಿಯನ್ನೂ ಇಬ್ಬರು ಪಾದ್ರಿಗಳನ್ನೂ ತಪ್ಪಿತಸ್ಥರು ಅಂದಿತು. ಅವರೆಲ್ಲ ಅವಳನ್ನು ಉಳಿಸುತ್ತಿದ್ದೇವೆ ಅಂತಲೇ ನಂಬಿದ್ದರು.

ರಿಪೇರಿ ಬೇಡದ ಒಂದು ಲಕ್ಷಣ

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಮ್ಮ ಒಂದು ಬೆಳಗ್ಗೆ, "ರಾತ್ರಿ ನಿಮ್ಮಪ್ಪ ಕೆಮ್ಮಿದರು ಕಣೇ, ಹಾಲ್‌ನಲ್ಲಿ" ಅಂದರು. ನಾನು "ಸುಮ್ನಿರಮ್ಮ, ಅದೆಲ್ಲ ಭ್ರಮೆ" ಅಂದೆ. ಅಮ್ಮ ಆಮೇಲೆ ಆ ಮಾತು ಎತ್ತಲೇ ಇಲ್ಲ. ಎತ್ತದೆ ಇದ್ದದ್ದು ನನ್ನಿಂದ ಅಂತ ಗೊತ್ತಾಗಲು ವರ್ಷಗಳು ಬೇಕಾದವು.

ಡೆವಿ ರೀಸ್ ಅನ್ನುವ ವೈದ್ಯರು ವೇಲ್ಸ್‌ನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಹೋದವರು ಜೊತೆಗಿದ್ದ ಹಾಗೆ ಅನ್ನಿಸಿತ್ತು, ಕೆಲವರಿಗೆ ದನಿ ಕೇಳಿತ್ತು, ಕೆಲವರಿಗೆ ಕಂಡಿದ್ದರು. ತುಂಬಾ ಜನಕ್ಕೆ ಅದರಿಂದ ಸಮಾಧಾನವೇ ಆಗಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲೇ ಇಲ್ಲ. ನಲವತ್ತು ವರ್ಷ ಪಕ್ಕದಲ್ಲಿ ಕೇಳಿದ ಕೆಮ್ಮನ್ನು ಕಿವಿ ಎರಡು ತಿಂಗಳಲ್ಲಿ ಹೇಗೆ ಬಿಡುತ್ತದೆ? ಇಲ್ಲಿ ದೋಷ ಏನೂ ಇಲ್ಲ. ಊಟ ನಿದ್ದೆ ಪೂರ್ತಿ ಬಿಟ್ಟರೆ, ಹೋದವರು ಕರೆಯುತ್ತಿದ್ದಾರೆ ಅಂತ ಸಾವಿನ ಮಾತಾಡಿದರೆ ತಡ ಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಅಷ್ಟೇ ಸಾಕು.

ಎಲ್ಲ ನೋಡಿದರೂ ಕಾರಣ ಸಿಗದಿದ್ದರೆ

ಸಿಗದೇ ಇರುವುದು ಇದ್ದೇ ಇರುತ್ತದೆ. ಒಂದೇ ಸಲ ಆಗಿ ಮುಗಿದದ್ದನ್ನು ಪರೀಕ್ಷಿಸಲು ಆಗುವುದಿಲ್ಲ. ಅಂಥದ್ದರ ಮುಂದೆ "ಕಾರಣ ಸಿಕ್ಕಿಲ್ಲ" ಅಂತ ಬರೆಯಿರಿ. ಹಾಗಾದರೆ ಅದು ದೆವ್ವವೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಸಿಕ್ಕಿಲ್ಲ ಅಂದರೆ ಸಿಕ್ಕಿಲ್ಲ ಅಂತ ಅಷ್ಟೇ. ಲಂಡನ್ನಿನಲ್ಲಿ 1882ರಲ್ಲೇ ಇಂಥ ಅನುಭವಗಳನ್ನು ಪರೀಕ್ಷಿಸಲು ಒಂದು ಸಂಸ್ಥೆ ಹುಟ್ಟಿತು, ಇವತ್ತಿಗೂ ಇದೆ. ಜಾದೂಗಾರ ಜೇಮ್ಸ್ ರ‍್ಯಾಂಡಿ 1964ರಲ್ಲಿ ಅತೀಂದ್ರಿಯ ಶಕ್ತಿ ತೋರಿಸಿದವರಿಗೆ ಬಹುಮಾನ ಇಟ್ಟರು. ಅದು ಬೆಳೆದು 10 ಲಕ್ಷ ಡಾಲರ್ ಆಯಿತು. 2015ರಲ್ಲಿ ಅದು ನಿಲ್ಲುವವರೆಗೂ, ಮೊದಲೇ ಒಪ್ಪಿಕೊಂಡ ಪರೀಕ್ಷೆಯಲ್ಲಿ ಒಬ್ಬರೂ ಗೆಲ್ಲಲಿಲ್ಲ. ನಾನು ನಂಬದಿರುವುದಕ್ಕೆ ಕಾರಣ ಇದು. ನಾಳೆ ಯಾರಾದರೂ ಗಟ್ಟಿಯಾಗಿ ತೋರಿಸಿದರೆ ನೋಡಲು ನಾನೇ ಮೊದಲು ಹೋಗುತ್ತೇನೆ.

ನನ್ನ ಆ ನೋಟ್‌ಬುಕ್ ಇನ್ನೂ ಇದೆ. ಒಟ್ಟು 31 ಸಾಲು. 26 ಸಾಲಿನ ಮುಂದೆ ಮೋಟರ್ ಅಂತ ಇದೆ, ಮೂರರ ಮುಂದೆ ಬೆಕ್ಕು. ಉಳಿದ ಎರಡರ ಮುಂದೆ ಮಗಳ ಅಕ್ಷರದಲ್ಲಿ "ಗೊತ್ತಿಲ್ಲ" ಅಂತ ಇದೆ. ಅದನ್ನು ಬರೆದು ಅವಳು ಲೈಟ್ ಆರಿಸಿ ತನ್ನ ಕೋಣೆಗೆ ಮಲಗಲು ಹೋದಳು.